ಮೂರನೇ ಮಷೀನಿನ ಮೇಲಿನ ಟೊಪ್ಪಿಗೆ

ನಮ್ಮ ಅಂಗಡಿಯ ಮೂರನೇ ಕಂಪ್ಯೂಟರಿನ ತಲೆಯ ಮೇಲೆ ಬಿಳಿ ಟೊಪ್ಪಿಗೆ ಕಂಡಿತೆಂದರೆ ಮೋಜಣಿ ಕಾಕಾ ಕಟ್ಟೆಗೆ ಹೋಗಿದ್ದಾರೆ ಎಂದರ್ಥ. ಟೊಪ್ಪಿಗೆ ಅವರ ತಲೆಯ ಮೇಲೆಯೇ ಇದ್ದರೆ ಅಂಗಳದಲ್ಲಿದ್ದಾರೆ. ಎರಡೂ ಹೊತ್ತಿನಲ್ಲಿ ಕೂತಿರುತ್ತಿದ್ದದ್ದು ಅದೇ ಕುರ್ಚಿಯ ಮೇಲೆ, ನೋಡುತ್ತಿದ್ದದ್ದು ಅದೇ ಪರದೆಯನ್ನು. ಆದರೆ ಅಂಗಳದಿಂದ ಕಟ್ಟೆಗೆ ಹೋಗುವ ಮುಂಚೆ ಎರಡೂ ಕೈಯಿಂದ ಟೊಪ್ಪಿಗೆ ತೆಗೆದು, ಅದರ ಒಳಗೊಮ್ಮೆ ಊದಿ, ಮಾನಿಟರಿನ ಮೇಲಿಟ್ಟು, ಬೋಳುತಲೆಯ ಮೇಲೆ ಅಂಗೈ ಆಡಿಸಿಕೊಳ್ಳುತ್ತಿದ್ದರು. ಆಗಿನ ಮಾನಿಟರುಗಳು ಹಿಂದೆ ಗುಡಾಣದಂತೆ ಉಬ್ಬಿದವು, ಮುಟ್ಟಿದರೆ ಬಿಸಿ. ಥಂಡಿ ದಿನಗಳಲ್ಲಿ ಕೆಲಸ ಮುಗಿಸಿ ಎದ್ದು ಬೆಚ್ಚಗಾದ ಟೊಪ್ಪಿಗೆ ಹಾಕಿಕೊಳ್ಳುತ್ತಾ, "ಆಹಾ, ಇಸ್ತ್ರಿ ಮಾಡಿಕೊಟ್ಟಿ ನೋಡ ಯವ್ವಾ" ಎನ್ನುತ್ತಿದ್ದರು.

ಅವರ ಬಗ್ಗೆ ಬರೆಯಲು ಕೂತರೆ ಇಂಥ ನಗು ಬರುವ ಸಂಗತಿಗಳೇ ಮೊದಲು ನೆನಪಾಗುತ್ತವೆ. ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ಆ ಮನುಷ್ಯನಿಗೆ ನಾನೊಂದು ಮಾತು ಕೊಟ್ಟಿದ್ದೆ, ಅದನ್ನು ಮುರಿದೆ, ಆಮೇಲೆ ಸುಳ್ಳು ಹೇಳಿದೆ.

ಅಂಗಳ, ಕಟ್ಟೆ ಎಂದರೇನೆಂದು ಹೇಳಬೇಕು. ಎರಡು ಸಾವಿರದ ಏಳೋ ಎಂಟೋ ಇರಬೇಕು. ಇಂಡಿ ಊರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮವರದು ಝೆರಾಕ್ಸ್ ಅಂಗಡಿ. ಅದರ ಒಳಗೋಣೆಯಲ್ಲಿ ನನ್ನದು ನಾಲ್ಕು ಕಂಪ್ಯೂಟರಿನ ಇಂಟರ್‌ನೆಟ್ ಸೆಂಟರು. ಮುದ್ದೇಬಿಹಾಳದ ತವರಿನಿಂದ ನಾನು ತಂದದ್ದರಲ್ಲಿ ಬಾಳಿಕೆ ಬಂದದ್ದು ಕಂಪ್ಯೂಟರ್ ಡಿಪ್ಲೊಮಾ ಒಂದೇ ಎಂದು ನಮ್ಮತ್ತೆ ಚೇಷ್ಟೆ ಮಾಡುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಕೈ ಸುಮ್ಮನಿರದೆ ಒಂದು ವೆಬ್‌ಸೈಟ್ ಕಟ್ಟಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನವರು ಕನ್ನಡದಲ್ಲಿ ಬರೆಯಲಿ ಎಂದು ಆಸೆ. ಅದರಲ್ಲಿ ಎರಡು ಭಾಗ. ಒಂದು ಬ್ಲಾಗು, ಹೆಸರು 'ಅಂಗಳ'. ಅಲ್ಲಿ ಐದಾರು ಮಂದಿ ತಮ್ಮ ಸ್ವಂತ ಹೆಸರು ಹಾಕಿ ಲೇಖನ ಬರೆಯುತ್ತಿದ್ದರು. ಇನ್ನೊಂದು ಫೋರಮ್ಮು, ಹೆಸರು 'ಕಟ್ಟೆ'. ಅಲ್ಲಿ ಯಾರು ಬೇಕಾದರೂ ಯಾವ ಹೆಸರಿಟ್ಟುಕೊಂಡಾದರೂ ಪ್ರಶ್ನೆ ಕೇಳಬಹುದು, ಉತ್ತರ ಕೊಡಬಹುದು. ಎರಡಕ್ಕೂ ಬೇರೆ ಬೇರೆ ಸಾಫ್ಟ್‌ವೇರು, ಬೇರೆ ಲಾಗಿನ್ನು, ಬೇರೆ ಪಾಸ್‌ವರ್ಡು. ಪುಕ್ಕಟೆ ಸಿಕ್ಕಿದ್ದನ್ನು ಒಂದೊಂದು ಕಡೆಯಿಂದ ತಂದು ಅಕ್ಕಪಕ್ಕ ಇಟ್ಟಿದ್ದೆ, ಅಷ್ಟೆ.

ಕಾಕಾನ ಹೆಸರು ಗುರುಲಿಂಗಪ್ಪ. ಮೋಜಣಿದಾರರಾಗಿ, ಅಂದರೆ ಸರ್ಕಾರದ ಪರವಾಗಿ ಹೊಲ ಅಳೆಯುವ ಕೆಲಸದಲ್ಲಿ, ಮೂವತ್ತು ಚಿಲ್ಲರೆ ವರ್ಷ ಇದೇ ನಾಲ್ಕು ತಾಲೂಕು ಸುತ್ತಿ ನಿವೃತ್ತರಾದವರು. ಎತ್ತರದ ಆಳು, ಪ್ರತಿ ಹೆಜ್ಜೆಯೂ ಒಂದೇ ಅಳತೆ. ಮೊದಲ ದಿನ ಅಂಗಡಿಗೆ ಬಂದವರು ನಮಸ್ಕಾರಕ್ಕೂ ಮುಂಚೆ, "ಬಸ್‌ಸ್ಟ್ಯಾಂಡಿಂದ ನಿಮ್ಮ ಬಾಗಲಕ್ಕ ಹನ್ನೊಂದು ಸರಪಳಿ ಮ್ಯಾಲ ಮೂರಾಣೆ ಐತಿ" ಎಂದರು. ಹೊಲ ಅಳೆಯುವ ಕಬ್ಬಿಣದ ಸರಪಳಿ ಒಂದೆಂದರೆ ಮೂವತ್ತಮೂರು ಅಡಿ, ಅದರ ಹದಿನಾರನೇ ಪಾಲು ಒಂದಾಣೆ. ಅದು ಹಳೆಯ ಮೋಜಣಿಯ ಲೆಕ್ಕ. ನಾನು "ಹೌದ್ರಿ" ಎಂದೆ. ಅಲ್ಲ ಎನ್ನಲು ನನ್ನ ಬಳಿ ಏನಿತ್ತು? ಆಮೇಲೆ ಒಂದು ಕಣ್ಣು ಮುಚ್ಚಿ ಗೋಡೆ ನೋಡಿ, "ಈ ಗ್ವಾಡಿ ಒಂದು ಗೇಣು ಓಣ್ಯಾಗ ಬಂದೈತಿ" ಎಂದರು. ಝೆರಾಕ್ಸ್ ಮಷೀನಿನ ಹಿಂದಿನಿಂದ ನಮ್ಮವರು ಗಾಬರಿಯಾಗಿ ಎದ್ದು ನಿಂತರು.

"ಕುಂದರಪಾ, ಕುಂದರು. ನಾ ರಿಟಾಯರ್ ಆಗೇನಿ" ಎಂದು ಕಾಕಾ ಸಮಾಧಾನ ಮಾಡಿದರು.

ಟೈಪಿಂಗ್ ಕಲಿಯಲು ಅವರಿಗೆ ಹದಿನೈದು ದಿನ ಸಾಕಾಯಿತು. ಬಲಗೈಯ ತೋರುಬೆರಳು ಒಂದೇ. ಅಕ್ಷರ ಹುಡುಕಿ, ಸಿಕ್ಕ ಮೇಲೆ ಅದರ ಮೇಲೆ ಬೆರಳು ಇಟ್ಟು, ಇದೇ ಹೌದೋ ಅಲ್ಲವೋ ಎಂದು ಇನ್ನೊಮ್ಮೆ ನೋಡಿ, ಕಲ್ಲು ನೆಡುವವರ ಹಾಗೆ ಒತ್ತುತ್ತಿದ್ದರು. ಹಿಂದೆ ಯಾರಾದರೂ ನಿಂತಿದ್ದರೆ ಪಾಸ್‌ವರ್ಡ್ ಹಾಕುತ್ತಿರಲಿಲ್ಲ. ನಾನು ನಿಂತರೂ, "ಯವ್ವಾ, ಆ ಕಡೆ ಮಾರಿ ಮಾಡು" ಎನ್ನುವರು. ಆ ಪಾಸ್‌ವರ್ಡ್ ಇಟ್ಟುಕೊಟ್ಟವಳು ನಾನೇ.

ಅಂಗಳದಲ್ಲಿ ಅವರು ಬರೆದದ್ದು ಟೊಪ್ಪಿಗೆ ಹಾಕಿಕೊಂಡ ಬರಹ. ಲಚ್ಯಾಣದ ಮಠದಲ್ಲಿ ಉಂಡ ಪ್ರಸಾದ, ಹೊರ್ತಿಯ ಯಾವುದೋ ಬಾವಿಯ ಸಿಹಿನೀರು, ಮೋಜಣಿಗೆ ಹೋದಾಗ ಬುತ್ತಿ ಕಟ್ಟಿಕೊಟ್ಟ ತಾಯಂದಿರು. ಒಬ್ಬರನ್ನೂ ನೋಯಿಸುವ ಮಾತಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆ. ಕಟ್ಟೆಗೆ ಹೋದರೆ ಅವರೇ ಬೇರೆ. ಅಲ್ಲಿ ಅವರ ಹೆಸರು 'ಬಾಂದಗಲ್ಲು', ಅಂದರೆ ಹೊಲದ ಮೂಲೆಯಲ್ಲಿ ಗಡಿಯ ಗುರುತಿಗೆ ನೆಟ್ಟ ಕಲ್ಲು. ಹೊಲದ ಗಡಿ, ಬಂಡಿದಾರಿ, ಅಣ್ಣತಮ್ಮಂದಿರ ಹಿಸ್ಸೆ, ಇಂಥ ಪ್ರಶ್ನೆ ಬಂತೆಂದರೆ ಬಾಂದಗಲ್ಲು ಎರಡೇ ಸಾಲಿನಲ್ಲಿ ತೀರ್ಮಾನ ಹೇಳುತ್ತಿತ್ತು. ಹೊರ್ತಿ ಕಡೆಯವರೊಬ್ಬರು ತಮ್ಮ ಹೊಲದಲ್ಲಿ ಹಾದುಹೋಗುವ ಬಂಡಿದಾರಿಗೆ ಮುಳ್ಳು ಹಚ್ಚಿ, ಇದು ತಪ್ಪೇ ಎಂದು ಕೇಳಿದ್ದರು. "ದಾರಿ ನಿನ್ನದಲ್ಲ. ನಕಾಶೆಯಲ್ಲಿ ಐತಿ. ಇವತ್ತೇ ಮುಳ್ಳು ತೆಗಿ" ಎಂದು ಉತ್ತರ ಹೋಯಿತು. ಈ ಬಾಂದಗಲ್ಲು ದೊಡ್ಡ ವಕೀಲರಿರಬೇಕೆಂದು ಕೆಲವರು, ತಹಶೀಲ್ದಾರರೇ ಕದ್ದು ಬರೆಯುತ್ತಿದ್ದಾರೆಂದು ಕೆಲವರು ತಿಳಿದಿದ್ದರು. ನನಗೆ ಮಾತ್ರ ಗೊತ್ತಿತ್ತು.

"ಯಾಕ್ರಿ ಕಾಕಾ, ಅಲ್ಲಿ ಟೊಪ್ಪಿಗಿ, ಇಲ್ಲಿ ಬೋಳತಲಿ?" ಎಂದು ಒಮ್ಮೆ ಕೇಳಿದೆ.

"ಟೊಪ್ಪಿಗಿ ಹಾಕ್ಕೊಂಡು ಸುಳ್ಳು ಹೇಳಾಕ ಬರೂದಿಲ್ಲ ಯವ್ವಾ. ಹಂಗಂತ ಟೊಪ್ಪಿಗಿ ಹಾಕ್ಕೊಂಡು ಎಲ್ಲಾ ಖರೆ ಹೇಳಾಕೂ ಬರೂದಿಲ್ಲ. ನಾಕು ತಾಲೂಕಿನಾಗ ನನಗ ಬೀಗರು ಬಿಜ್ಜರು ಎಷ್ಟ ಮಂದಿ, ನಾ ಉಂಡ ಮನಿ ಎಷ್ಟ? ಗುರುಲಿಂಗಪ್ಪ ಅಂತ ಹೆಸರ ಹಾಕಿ 'ನೀ ತಪ್ಪು' ಅಂದ್ರ ನಾಳಿ ಅವರ ಮನಿ ಮದುವಿಗೆ ಹೆಂಗ ಹೋಗ್ಲಿ?"

ಲಾಗಿನ್ ಮಾಡಿಕೊಟ್ಟ ದಿನವೇ ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು. "ಎರಡು ಹೊಲದ ನಡುವ ಬದು ಇರಬೇಕು. ಈ ಗುರುಲಿಂಗಪ್ಪಗೂ ಆ ಬಾಂದಗಲ್ಲಿಗೂ ನಡುವ ಒಂದ ಬದು ಹಾಕಿಕೊಡು. ಅದನ್ನ ಕಾಯೋದು ನಿನ್ನ ಕಡೆ."

"ಇರತೈತ್ರಿ ಕಾಕಾ" ಎಂದೆ. ಎರಡು ಲಾಗಿನ್ ಮಾಡಿದೆ, ಎರಡು ಹೆಸರು. ಇಮೇಲ್ ಮಾತ್ರ ಒಂದೇ. ಎರಡು ಮಾಡಲೇ ಎಂದು ಕೇಳಿದ್ದಕ್ಕೆ, "ಒಂದು ಮನಿಗೆ ಒಂದ ಟಪಾಲ ಪೆಟಗಿ ಸಾಕು, ಎರಡು ಯಾಕ?" ಎಂದಿದ್ದರು. ನನಗೂ ಅದು ಸರಿ ಕಂಡಿತ್ತು.

ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಅವರು ಎದ್ದು ಹೋಗುತ್ತಿರಲಿಲ್ಲ. ಕತ್ತಲೆ ಪರದೆಯ ಮುಂದೆಯೇ ಕೂತು ಮೋಜಣಿಯ ಕತೆ ಹೇಳುತ್ತಿದ್ದರು. ಅವುಗಳಲ್ಲಿ ಒಂದು ನನ್ನನ್ನು ಇನ್ನೂ ಬಿಟ್ಟಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ ಮನಗೂಳಿ ಹತ್ತಿರ ಇಬ್ಬರು ಅಣ್ಣತಮ್ಮಂದಿರ ಹೊಲ ಭಾಗ ಮಾಡಲು ಹೋಗಿದ್ದರಂತೆ. ಬಿಸಿಲಿಗೆ ತಲೆ ಕಾಯ್ದು, ಕಿರಿಯವನ ಪಾಲು ಅಳೆಯುವಾಗ ಒಂದು ಸರಪಳಿ ಎಣಿಸುವುದನ್ನೇ ಮರೆತರು. ಅಣ್ಣನ ಪಾಲಿಗೆ ಹೊಲ ಕಡಿಮೆ ಬಿತ್ತು. ಮುಂದಿನ ವರ್ಷ ಇನ್ನೊಬ್ಬ ಮೋಜಣಿದಾರ ಅಳೆದು ಸರಿಮಾಡಿದ, ಆದರೆ ಅಷ್ಟರೊಳಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು.

"ಮ್ಯಾಲಿನವರು ಕೇಳಿದ್ರು. ಸರಪಳಿ ಹಿಗ್ಗಿತ್ತು ಅಂತ ಬರದುಕೊಟ್ಟೆ. ಹಿಗ್ಗತಾವು, ಖರೆ. ಜಗ್ಗಿ ಜಗ್ಗಿ ಕೊಂಡಿ ಬಾಯಿ ಬಿಡತಾವು. ಆದ್ರ ಅವತ್ತ ಹಿಗ್ಗಿದ್ದಿಲ್ಲ. ಆ ಅಣ್ಣ ಮೂರು ಸಲ ಕಚೇರಿಗೆ ಬಂದ. 'ಸಾಹೇಬ್ರ, ಏನಾಗಿತ್ರಿ?' ಅಂತ ಕೇಳಿದ. ಮೂರೂ ಸಲ ಅವಗ ಸರಪಳಿ ತೋರಿಸಿದೆ. ಅದೇನು ತಿರುಗಿ ಮಾತಾಡತೈತೇನು?"

"ಆಮ್ಯಾಲರಿ?"

"ಎಂಟು ವರ್ಷ ಆದ ಮ್ಯಾಲ ತಡಕೊಳ್ಳಾಕ ಆಗಲಿಲ್ಲ, ಹೇಳಾಕಂತ ಹೋದೆ. ಅಂವ ಸತ್ತಿದ್ದ. ಅವನ ಮಗನ ಮುಂದ ಹೇಳಿದೆ. ಪಾಪ, ಚಾ ಕುಡಿಸಿ ಕಳಿಸಿದ. ಇದ್ದಾಗ ಹೇಳಬೇಕು ಯವ್ವಾ. ಸತ್ತ ಮ್ಯಾಲ ಹೇಳೂದಂದ್ರ ನಮ್ಮ ಹೊಟ್ಟಿ ಹಗುರ ಮಾಡ್ಕೊಳ್ಳೂದು ಅಷ್ಟ. ಅವಗೇನು ಬಂತು ಅದರಾಗ?"

ಅಷ್ಟರಲ್ಲಿ ಕರೆಂಟು ಬಂತು. ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು ಬುತ್ತಿ ಕಟ್ಟಿಕೊಟ್ಟ ತಾಯಂದಿರ ಬಗ್ಗೆ ಬರೆಯಲು ಶುರುಮಾಡಿದರು.

ಆ ಬೇಸಿಗೆಯಲ್ಲಿ ಕಟ್ಟೆಗೆ ಸಿಂದಗಿ ಕಡೆಯಿಂದ ಒಂದು ಪ್ರಶ್ನೆ ಬಂತು. ಬಾಜೂ ಹೊಲದವರು ವರ್ಷ ವರ್ಷ ಬದುವನ್ನು ಒಂದೊಂದು ಸಾಲು ನೇಗಿಲು ಹೊಡೆದು ತಮ್ಮ ಕಡೆ ಸೇರಿಸಿಕೊಳ್ಳುತ್ತಿದ್ದಾರೆ, ಬಾಂದಗಲ್ಲು ಕಾಣೆಯಾಗಿದೆ, ಅವರು ದೊಡ್ಡ ಕುಳ, ನಾನೇನು ಮಾಡಲಿ ಎಂದು ಒಬ್ಬ ಒಕ್ಕಲಿಗ ಯಾರ ಕೈಯಿಂದಲೋ ಬರೆಸಿದ್ದ. ಊರ ಹೆಸರು, ಸರ್ವೆ ನಂಬರು ಎಲ್ಲ ಕೊಟ್ಟಿದ್ದ. ಕಾಕಾ ಟೊಪ್ಪಿಗೆ ತೆಗೆದು ಅದನ್ನು ಓದಿದರು. ಓದಿದವರು ಟೊಪ್ಪಿಗೆಯನ್ನು ಮಾನಿಟರ್ ಮೇಲಿಡದೆ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತರು. ಆಮೇಲೆ ಒಂದಕ್ಷರ ಬರೆಯದೆ ಅದನ್ನು ಹಾಕಿಕೊಂಡು ಮನೆಗೆ ಹೋದರು.

ಮರುದಿನ ಅಂಗಡಿ ತೆಗೆಯುವ ಹೊತ್ತಿಗೇ ಬಂದು ನಿಂತಿದ್ದರು. ಟೊಪ್ಪಿಗೆ ತೆಗೆದಿಟ್ಟು ಒಂದು ತಾಸು ಟೈಪ್ ಮಾಡಿದರು. ಕಟ್ಟೆಯ ಉತ್ತರಗಳನ್ನೆಲ್ಲ ನಾನು ಓದಬೇಕಿತ್ತು, ಅದು ನನ್ನ ಕೆಲಸ. ಬಾಂದಗಲ್ಲು ಹೀಗೆ ಬರೆದಿತ್ತು: "ಹಳೆಯ ನಕಾಶೆ ತೆಗೆಸು. ಮೂಡಣ ಮೂಲೆಯ ಬೇವಿನ ಗಿಡದಿಂದ ಏಳು ಸರಪಳಿ ನಾಲ್ಕಾಣೆ ಅಳೆದು ಅಗಿ. ಕಲ್ಲು ಸಿಗುವುದಿಲ್ಲ, ಕಿತ್ತಿದ್ದಾರೆ. ಆದರೆ ಕಲ್ಲಿನ ಬುಡದಲ್ಲಿ ಹಾಕಿದ ಇದ್ದಿಲು ಇರುತ್ತದೆ, ಅದು ಕೊಳೆಯುವುದಿಲ್ಲ. ಅಲ್ಲಿಗೆ ನಿನ್ನ ಗಡಿ. ಬಾಜೂದವರು ತಿಳಿದೂ ತಿಳಿದೂ ಬದು ಸರಿಸಿದ್ದಾರೆ."

ಆ ಕಲ್ಲು ನೆಡಿಸಿ, ಬುಡಕ್ಕೆ ಇದ್ದಿಲು ಹಾಕಿಸಿದವರು ಸ್ವತಃ ಅವರೇ. ತಾವು ನೆಡಿಸಿದ ಕಲ್ಲಿಗೆಲ್ಲ ಹಾಗೆ ಮಾಡಿಸುತ್ತಿದ್ದರು. ತಿಂಗಳೊಳಗೆ ಆ ಒಕ್ಕಲಿಗನಿಂದ ಸುದ್ದಿ ಬಂತು: ಇದ್ದಿಲು ಸಿಕ್ಕಿತು, ಮರುಮೋಜಣಿ ಆಯಿತು, ಬದು ಹಿಂದಕ್ಕೆ ಹೋಯಿತು. ಕಟ್ಟೆಯಲ್ಲಿ ಎಲ್ಲರೂ ಬಾಂದಗಲ್ಲಿಗೆ ಶರಣು ಶರಣು ಎಂದು ಬರೆದರು. ಕಾಕಾ ಅದನ್ನು ಓದಿ, "ಆತು ಬಿಡು" ಎಂದರು. ಅವರ ಮುಖದಲ್ಲಿ ಹಿಗ್ಗು ಕಾಣಲಿಲ್ಲ. ಆ ಬಾಜೂ ಹೊಲದವರು ಅವರ ಬೀಗರು, ಅವರ ಒಬ್ಬಳೇ ಮಗಳು ಮಾದೇವಿಯನ್ನು ಕೊಟ್ಟ ಮನೆಯವರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಇನ್ನು ನನ್ನ ಪುರಾಣ. ಎರಡು ಲಾಗಿನ್ನಿನ ತಾಪತ್ರಯ ನನಗೆ ಸಾಕುಸಾಕಾಗಿತ್ತು. ಕಂಪ್ಯೂಟರುಗಳ ಪಕ್ಕದ ಗೋಡೆಯ ತುಂಬ ಗಿರಾಕಿಗಳು ಪೆನ್ಸಿಲ್ಲಿನಿಂದ ತಮ್ಮ ತಮ್ಮ ಪಾಸ್‌ವರ್ಡ್ ಬರೆದಿಟ್ಟಿದ್ದರು. ಬಾಗೇವಾಡಿಯ ಒಬ್ಬ ಶಿಕ್ಷಕರು ವಾರಕ್ಕೊಮ್ಮೆ ಫೋನು ಮಾಡಿ, "ಬಾಯಾರ, ಅಂಗಳದ್ದು ಕಟ್ಟಿಗೆ ಹಾಕಿದೆ, ಕಟ್ಟಿದ್ದು ಅಂಗಳಕ್ಕ ಹಾಕಿದೆ, ಎರಡೂ ಬಾಗಲಾ ತಗಿಯಾಕ ಒಲ್ಲವು" ಎನ್ನುತ್ತಿದ್ದರು. ಬ್ಲಾಗನ್ನೂ ಫೋರಮ್ಮನ್ನೂ ಜೋಡಿಸಿ ಒಂದೇ ಲಾಗಿನ್ ಮಾಡುವ ಪುಟ್ಟ ಪ್ರೋಗ್ರಾಮೊಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಇದು ಕೆಲಸ ಮಾಡಿದರೆ ಎಂಥ ಜಾಣೆ ಎಂದು ನಾಲ್ಕು ತಾಲೂಕಿನವರು ನನ್ನನ್ನು ಹೊಗಳುತ್ತಾರೆ ಎಂಬ ಆಸೆಯೂ ಇತ್ತು, ಅದನ್ನೇಕೆ ಮುಚ್ಚಿಡಲಿ. 'ಒಂದೇ ಕೀಲಿ, ಎರಡೂ ಬಾಗಿಲು' ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದೆ.

ಕಾಕಾ ಅದನ್ನು ಓದಿ ಹೊಸ್ತಿಲಲ್ಲೇ ನಿಂತರು. "ಬದು ಒಡ್ಯಾಕತ್ತಿ ಏನವ್ವಾ?"

"ಇಲ್ರಿ ಕಾಕಾ. ಕೀಲಿ ಅಷ್ಟ ಒಂದು. ಮನಿ ಎರಡ ಇರತಾವ."

"ಹಂಗಾದ್ರ ಚೊಲೋ" ಎಂದರು. ನಾಗರ ಪಂಚಮಿ ಹತ್ತಿರ ಬಂದಿತ್ತು. ಮಗಳನ್ನು ಕರೆತರಲು ಸಿಂದಗಿ ಕಡೆ ಹೋಗುವವರಿದ್ದರು. ಹಿತ್ತಲಿನ ಬೇವಿನ ಗಿಡಕ್ಕೆ ಜೋಕಾಲಿಯ ಹೊಸ ಹಗ್ಗ ಕಟ್ಟಿಯಾಗಿತ್ತು. ಹಗ್ಗ ಸರಿಯಾಗಿ ಒಂದು ಸರಪಳಿ ಎರಡಾಣೆ ಎಂದು ನನಗೆ ಹೇಳಿಯೇ ಕೂತರು.

ಮರುದಿನ ಮಧ್ಯಾಹ್ನದ ಬಸ್ಸಿಗೆ ನಾನೂ ಪಂಚಮಿಗೆ ಮುದ್ದೇಬಿಹಾಳಕ್ಕೆ ಹೊರಟಿದ್ದೆ. ಹೋಗುವುದರೊಳಗೆ ಜೋಡಿಸುವ ಕೆಲಸ ಮುಗಿಸಬೇಕೆಂದು ಬೆಳಿಗ್ಗೆಯಿಂದ ಕೂತಿದ್ದೆ. ನನ್ನ ಲಾಗಿನ್ ಮೇಲೆ ಪರೀಕ್ಷೆ ಮಾಡಿದೆ, ಚೆನ್ನಾಗಿ ನಡೆಯಿತು. ನಡೆಯದೇ ಏನು, ಎರಡೂ ಕಡೆ ನನ್ನದು ಒಂದೇ ಹೆಸರು. ಕೊನೆಯಲ್ಲಿ ಅದು ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿತು. ಎರಡೂ ಕಡೆ ಒಂದೇ ಇಮೇಲ್ ಇದ್ದವರನ್ನು ಒಬ್ಬರೇ ಎಂದು ತಿಳಿಯಲೇ? ಅವರ ಬ್ಲಾಗಿನ ಹೆಸರನ್ನೇ ಎಲ್ಲ ಕಡೆ ತೋರಿಸಲೇ? ಎರಡರ ಮುಂದೆಯೂ 'ಹೌದು' ಎಂಬ ಗುರುತು ಮೊದಲೇ ಬಿದ್ದಿತ್ತು.

ಅವಸರದಲ್ಲಿ ಅದನ್ನು ಓದಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಓದಿದ್ದೆ. ಕಾಕಾನ ನೆನಪೂ ಬಂತು. ಆ ಗುರುತು ತೆಗೆದರೆ ಇನ್ನೊಂದೈದು ಹೆಸರುಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸಬೇಕಿತ್ತು, ಅರ್ಧ ತಾಸಿನ ಕೆಲಸ. ನಮ್ಮವರು ಹೊರಗಿನಿಂದ "ಬಸ್ಸ ಬಂತು" ಎಂದು ಕೂಗಿದರು. ಊರಿಂದ ಬಂದು ನೋಡಿದರಾಯಿತು ಎಂದುಕೊಂಡು ಬಟನ್ ಒತ್ತಿ ಬ್ಯಾಗು ಎತ್ತಿಕೊಂಡೆ.

ಐದು ದಿನ ತವರಿನಲ್ಲಿದ್ದೆ. ಅಳ್ಳಿಟ್ಟು, ಎಳ್ಳುಂಡಿ, ಶೇಂಗಾ ಉಂಡಿ ತಿಂದು, ಜೋಕಾಲಿ ಜೀಕಿ, ಗೆಳತಿಯರ ಜೊತೆ ನಕ್ಕು ಬಂದೆ. ಬಂದ ದಿನ ಕಟ್ಟೆ ತೆರೆದು ನೋಡಿದರೆ ಬಾಂದಗಲ್ಲು ಎಲ್ಲೂ ಇಲ್ಲ. ಅದು ಬರೆದ ಒಂದೊಂದು ಉತ್ತರದ ತಲೆಯ ಮೇಲೂ ಗುರುಲಿಂಗಪ್ಪ, ಗುರುಲಿಂಗಪ್ಪ, ಗುರುಲಿಂಗಪ್ಪ. ಹಳೆಯದು ಹೊಸದು ಎಲ್ಲ. ಜೋಡಣೆ ಬಿಚ್ಚಿ ಎಲ್ಲ ಮೊದಲಿನಂತೆ ಮಾಡಲು ಒಂದು ತಾಸೂ ಹಿಡಿಯಲಿಲ್ಲ. ಮುಗಿಸಿ ತಲೆ ಎತ್ತಿದರೆ ಕಾಕಾ ಬಾಗಿಲಲ್ಲಿ ನಿಂತಿದ್ದರು. ಟೊಪ್ಪಿಗೆ ತಲೆಯ ಮೇಲಿತ್ತು, ಕೈಯಲ್ಲಿ ಮಡಿಚಿದ ಎರಡು ಹಾಳೆ.

ಬೀಗರ ಅಣ್ಣನ ಮಗ ಇಂಡಿಯಲ್ಲಿ ಕಾಲೇಜು ಓದುತ್ತಿದ್ದನಂತೆ. ಕಟ್ಟೆಯಲ್ಲಿ ಹೆಸರು ಕಂಡು, ಆ ಉತ್ತರವನ್ನು ಹಾಳೆಯ ಮೇಲೆ ಪ್ರಿಂಟ್ ತೆಗೆಸಿ ಊರಿಗೆ ಒಯ್ದಿದ್ದ. ಹಾಳೆಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಸಣ್ಣದೊಂದು ಕರಿ ಗೆರೆ. ಅದು ನಮ್ಮ ಪ್ರಿಂಟರಿನ ಗೆರೆ; ಎಷ್ಟು ರಿಪೇರಿ ಮಾಡಿಸಿದರೂ ಹೋಗಿರಲಿಲ್ಲ. ತೆಗೆದುಕೊಟ್ಟವರು ನಮ್ಮವರೇ, ಓದದೆ.

ಕಾಕಾ ನಡೆದದ್ದನ್ನು ಅಳತೆ ಓದಿ ಹೇಳುವವರ ಹಾಗೆ ಹೇಳಿದರು. ಮಗಳನ್ನು ಕರೆಯಲು ಹೋದವರ ಮುಂದೆ ಬೀಗರು ಹಾಳೆ ಇಟ್ಟು, "ಇದು ನಿಮ್ಮ ಹೆಸರು ಹೌದಲ್ರಿ ಬೀಗರ?" ಎಂದು ಕೇಳಿದರು. "ಹೌದ್ರಿ. ನಾನ ಬರದದ್ದು" ಎಂದು ಇವರು ಒಪ್ಪಿಕೊಂಡರು. "ಹೆಣ್ಣು ಕೊಟ್ಟ ಮನಿ ಬದು ಅಗಸಿದಿರಿ. ಇನ್ನ ನಿಮ್ಮ ಮಗಳು ಈ ಬದು ದಾಟಿ ಬರಾಂಗಿಲ್ಲ" ಎಂದು ಬೀಗರು ಎದ್ದು ಹೋದರು. ಮಾದೇವಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಟ್ಟಿಕೊಂಡು ಹೋದ ಉಂಡಿಯ ಬುಟ್ಟಿಯನ್ನು ಅಲ್ಲೇ ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟು ಬಂದರಂತೆ.

"ಯವ್ವಾ, ಬದು ಹೆಂಗ ಒಡೀತು?" ಎಂದು ಕೇಳಿದರು. ಸಿಟ್ಟಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದರು, ಅಷ್ಟೆ.

"ಸರ್ವರ್ ಕೆಟ್ಟಿತ್ರಿ ಕಾಕಾ" ಎಂದೆ. "ಹೊರಗಿನವರದು. ನಮ್ಮ ಕೈಯಾಗ ಇರಲಿಲ್ಲ."

ಕಾಕಾ ನನ್ನನ್ನೇ ನೋಡಿದರು. ಹಾಳೆಗಳನ್ನು ಮತ್ತೆ ಮಡಿಚಿ ಕಿಸೆಯಲ್ಲಿಟ್ಟುಕೊಂಡರು.

"ಹೌದೇನ? ಸರಪಳಿ ಹಿಗ್ಗಿರಬೇಕು ಬಿಡು" ಎಂದರು.

ಅವರು ಹೋದ ಮೇಲೆ ಬಾಗಿಲಿಗೆ ಅಂಟಿಸಿದ್ದ ಕಾಗದವನ್ನು ಕಿತ್ತು ಹಾಕಿದೆ.

ಬಾಂದಗಲ್ಲು ಹೆಸರನ್ನು ಮತ್ತೆ ಸರಿಮಾಡಿದ್ದೇನೆ, ಬರೆಯಿರಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕಿತ್ತ ಕಲ್ಲು ತಂದು ಮತ್ತ ನೆಟ್ರ ಯಾರು ನಂಬತಾರ ಯವ್ವಾ?" ಎನ್ನುವರು. ಬರುವುದನ್ನು ಮಾತ್ರ ಬಿಡಲಿಲ್ಲ. ಟೊಪ್ಪಿಗೆ ಹಾಕಿಕೊಂಡೇ ಕೂತು, ಅಂಗಳದಲ್ಲಿ ಬಾವಿಯ ಸಿಹಿನೀರಿನ ಬಗ್ಗೆ ಬರೆದು, ಹಾಕಿಕೊಂಡೇ ಎದ್ದು ಹೋಗುತ್ತಿದ್ದರು. ಕಟ್ಟೆಯಲ್ಲಿ ಪ್ರಶ್ನೆಗಳು ಉತ್ತರವಿಲ್ಲದೆ ಬಿದ್ದವು. ಬಾಂದಗಲ್ಲು ಎಲ್ಲಿ ಹೋಯಿತು ಎಂದು ಜನ ಕೇಳಿದರು. ಕ್ರಮೇಣ ಕೇಳುವುದನ್ನೂ ಬಿಟ್ಟರು.

ನಿಜ ಹೇಳಬೇಕೆಂದು ಎಷ್ಟು ಸಲ ಅವರ ಕುರ್ಚಿಯ ಹಿಂದೆ ಹೋಗಿ ನಿಂತಿದ್ದೇನೋ. "ಏನವ್ವಾ?" ಎಂದು ತಿರುಗಿದರೆ, "ಚಾ ತರಿಸ್ಲಿರಿ?" ಎಂದು ಬಿಡುತ್ತಿದ್ದೆ. ಸಿಂದಗಿಯ ಆ ಊರಿಗೆ ಹೋಗಿ ಬೀಗರ ಕಾಲು ಹಿಡಿಯಬಹುದಿತ್ತು. ತಪ್ಪು ನನ್ನದು, ಅವರ ಮೇಲಿನ ಸಿಟ್ಟು ನನ್ನ ಮೇಲಿರಲಿ, ಮಗಳನ್ನು ಕಳಿಸಿರಿ ಎನ್ನಬಹುದಿತ್ತು. ಅವರು ಕೇಳುತ್ತಿದ್ದರೋ ಇಲ್ಲವೋ ಬೇರೆ ಮಾತು. ನಾನು ಬಸ್ಸನ್ನೇ ಹತ್ತಲಿಲ್ಲ.

ಮರುವರ್ಷದ ಪಂಚಮಿಗೂ ಮಾದೇವಿ ಬರಲಿಲ್ಲ. ಆ ಸಲ ನಾನೂ ತವರಿಗೆ ಹೋಗಲಿಲ್ಲ, ಮನೆಯವರಿಗೆ ಹೊಟ್ಟೆನೋವೆಂದು ನೆಪ ಹೇಳಿದೆ. ಹಬ್ಬದ ಹಿಂದಿನ ದಿನ ಕಾಕಾ ಬಂದರು.

"ಯಾಕವ್ವಾ, ಮುದ್ದೇಬಿಹಾಳಕ್ಕ ಹೋಗಲಿಲ್ಲ?"

"ಕೆಲಸ ಭಾಳ ಐತ್ರಿ ಕಾಕಾ."

"ಹೋಗವ್ವಾ. ನೀನರ ಹೋಗು" ಎಂದರು. ಹೊರಡಲು ಎದ್ದವರು ಹೊರಡದೆ ನಿಂತರು. "ನನಗೇನರ ಹೇಳೂದಿತ್ತೇನ?"

ನಮ್ಮವರು ಹೊರಗೆ ಝೆರಾಕ್ಸ್ ಹೊಡೆಯುತ್ತಿದ್ದರು. ಒಳಗೆ ನಾವಿಬ್ಬರೇ.

"ಇಲ್ರಿ ಕಾಕಾ" ಎಂದೆ.

ಅವರು ಹಳೆಯ ರೂಢಿಯಲ್ಲಿ ಮಾನಿಟರಿನ ಮೇಲೆ ಕೈಯಾಡಿಸಿ ಟೊಪ್ಪಿಗೆ ಹುಡುಕಿದರು. ಅದು ತಲೆಯ ಮೇಲೆಯೇ ಇತ್ತು. ತಮ್ಮಷ್ಟಕ್ಕೆ ನಕ್ಕು, ಒಂದೇ ಅಳತೆಯ ಹೆಜ್ಜೆ ಹಾಕುತ್ತ ಓಣಿ ದಾಟಿದರು. ಅದೇ ಕಡೆಯ ಭೇಟಿ. ಎರಡು ವಾರಕ್ಕೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಮಣ್ಣಿಗೆ ಮಾದೇವಿಯನ್ನು ಕಳಿಸಿದರು. ಬದು ದಾಟಲು ಅಪ್ಪ ಸಾಯಬೇಕಾಯಿತು. ಆ ಗುಂಪಿನಲ್ಲಿ ನಾನು ದೂರ ನಿಂತು ನೋಡಿ ಬಂದೆ. ಮೂರ್ನಾಲ್ಕು ದಿನದ ಮೇಲೆ ಆಕೆಯೇ ಅಂಗಡಿಗೆ ಬಂದರು. ಅಪ್ಪನ ಎತ್ತರ, ಅಪ್ಪನ ಹಾಗೆಯೇ ನೆಟ್ಟ ನೋಟ.

"ನಮ್ಮಪ್ಪ ಬರದದ್ದೆಲ್ಲಾ ಹಾಳಿ ಮ್ಯಾಲ ತಗದು ಕೊಡ್ರಿ" ಎಂದರು. "ಎರಡೂ ಹೆಸರಿಂದು."

ಮೂರನೇ ಮಷೀನಿನಲ್ಲೇ ಕೂತು ಒಂದೊಂದಾಗಿ ಪ್ರಿಂಟಿಗೆ ಕೊಟ್ಟೆ. ಹಾಳೆಗಳು ಬೀಳತೊಡಗಿದವು. ಮಾದೇವಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಎಡಗಡೆಯ ಕರಿ ಗೆರೆಯ ಮೇಲೆ ಬೆರಳಾಡಿಸಿದರು.

"ಈ ಗೆರಿ ನಾ ಮೊದಲ ನೋಡೇನಿ" ಎಂದರು.

ಪ್ರಿಂಟರ್ ಹಳೆಯದು ಎನ್ನಬಹುದಿತ್ತು. ಬಾಯಿ ತೆರೆದಾಗ ಬಂದದ್ದು ಬೇರೆ. "ನಾನ ಮಾಡಿದ್ದರಿ ಅಕ್ಕಾರ. ಸರ್ವರ್ ಕೆಟ್ಟಿದ್ದಿಲ್ಲ. ಎರಡೂ ಲಾಗಿನ್ ಕೂಡಿಸಿದ್ರ ಅವರ ಹೆಸರ ಬಯಲಾಗತೈತಿ ಅಂತ ಗೊತ್ತಿತ್ತು. ಊರಿಂದ ಬಂದು ನೋಡಿದ್ರಾತು ಅಂತ ಹಂಗ ಬಿಟ್ಟು ಹೋದೆ. ತವರಿಗೆ ಹೋಗೂದಿತ್ತು."

ಮಾದೇವಿ ಹಾಳೆಗಳನ್ನು ಕೂಡಿಸಿ, ಅಂಚು ಸಮ ಬರುವಂತೆ ಮೇಜಿಗೆ ಎರಡು ಸಲ ಬಡಿದರು.

"ಇದನ್ನ ನಮ್ಮಪ್ಪನ ಮುಂದ ಹೇಳಿದ್ರೇನ?"

"ಇಲ್ರಿ" ಎಂದೆ.

ಅವರು ಉಳಿದ ಹಾಳೆಗಳು ಬೀಳುವವರೆಗೆ ನಿಂತು, ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಹೋದರು. ಸತ್ತ ಮೇಲೆ ಹೇಳಿದರೆ ನಮ್ಮ ಹೊಟ್ಟೆಯಷ್ಟೇ ಹಗುರಾಗುತ್ತದೆ ಎಂದಿದ್ದರು ಕಾಕಾ. ಅದೊಂದರಲ್ಲಿ ಅವರ ಲೆಕ್ಕ ತಪ್ಪಿತ್ತು. ಅದೂ ಆಗಲಿಲ್ಲ.